ಶನಿವಾರದ ಹಗ್ಗ

ಸೈನ್ಯಕ್ಕೆ ಸೇರಬೇಕೆಂದು ಹೊರಟ ಮಕ್ಕಳು ಈಗಲೂ ಕುಲಶೇಖರದ ನಮ್ಮ ಮನೆಯ ಗೇಟು ತೆರೆದು ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. “ಉಸ್ತಾದ್, ಓಟದಲ್ಲಿ ಪಾಸಾಗ್ಲಿಕ್ಕೆ ಎಂತ ಮಾಡಬೇಕು?” ಓಡಬೇಕು ಮಾರಾಯ, ಇನ್ನೆಂತ ಮಾಡುವುದು! ಅಷ್ಟೇ ಹೇಳಿ ಕಳುಹಿಸಿದರೆ ನನ್ನ ಹೆಂಡತಿ ಸರೋಜ ಒಳಗಿನಿಂದ ಗದರುತ್ತಾಳೆ. “ಅವರು ಬಂದಾಗ ಬಾಯಿಗೆ ಬೀಗ ಹಾಕ್ತೀರಿ. ನನ್ನ ಹತ್ತಿರ ಇಡೀ ದಿನ ಪಲ್ಟನ್ ಪಲ್ಟನ್ ಅಂತ ತಲೆ ತಿನ್ತೀರಲ್ಲ, ಅದನ್ನು ಅವರಿಗೆ ಹೇಳಿ!” ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ. ಅಂತೂ ಅವಳ ತಲೆ ಉಳಿಸಲೆಂದು ಬರೆಯಲು ಕುಳಿತೆ.

ನಾಯಕ್ ಆದದ್ದು, ಹವಾಲ್ದಾರ್ ಆದದ್ದು, ಎದೆಗೆ ಬಿಲ್ಲೆ ಬಂದದ್ದು ಇದನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ಗೋಡೆಯ ಮೇಲೆ ಗಾಜಿನೊಳಗೆ ತೂಗುತ್ತಿವೆ. ನಾನು ಹೇಳುವುದು ಒಂದು ಹಗ್ಗದ ಕಥೆ. ಓಟದಲ್ಲಿ ಪಾಸಾದ ಮೇಲೆ ಸೈನ್ಯ ಅಂದರೆ ಎಂತ ಎಂದು ಕೇಳುವವರಿಗೆ ನನ್ನಲ್ಲಿ ಬೇರೆ ಉತ್ತರ ಇಲ್ಲ.

ನಮ್ಮದು ಕಾಲಾಳುಗಳ ಪಲ್ಟನ್, ಅದರಲ್ಲೂ ಅರೆಕಾಲಿಕ ಸೈನಿಕರದ್ದು. ವರ್ಷದಲ್ಲಿ ಕೆಲವು ತಿಂಗಳು ಬೂಟು, ಉಳಿದ ತಿಂಗಳು ಹವಾಯಿ ಚಪ್ಪಲಿ. ನಾನು ನದಿಯಾಚೆ ಕಡಲದಡದ ಬೆಂಗ್ರೆಯ ಮೀನುಗಾರರ ಮನೆಯವನು. ನನ್ನೊಟ್ಟಿಗೆ ಭರ್ತಿಯಾದವರಲ್ಲಿ ಅರ್ಧ ಜನ ಬಲೆಯವರು, ಉಳಿದವರು ಗ್ಯಾರೇಜು, ಹೋಟೆಲು, ಹಂಚಿನ ಕಾರ್ಖಾನೆಯವರು. ಮೊದಲ ತರಬೇತಿಗೆ ನಮ್ಮನ್ನು ಘಟ್ಟದ ಮೇಲಿನ ಒಂದು ಬಯಲಿಗೆ ಕರೆದುಕೊಂಡು ಹೋದರು. ಮರಳಲ್ಲಿ ನಡೆದು ಬೆಳೆದವರ ಕಾಲು ಗಟ್ಟಿ ನೆಲವನ್ನು ನಂಬುವುದಿಲ್ಲ. ಪ್ರತಿ ಹೆಜ್ಜೆಯನ್ನೂ ಊರಿ, ಒತ್ತಿ, ಆಮೇಲೆ ಎತ್ತುತ್ತದೆ. ಪರೇಡಿನಲ್ಲಿ ಇಡೀ ಮೈದಾನ “ಏಕ್ ದೋ ಏಕ್” ಎಂದು ಮುಂದೆ ಹೋದರೆ ನಮ್ಮ ಸಾಲು ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾ ಹಿಂದೆ ಬರುತ್ತಿತ್ತು. ಡ್ರಿಲ್ ಉಸ್ತಾದ್ ಸೊಂಟಕ್ಕೆ ಕೈ ಇಟ್ಟು ನಿಂತು ಕೇಳಿದರು. “ನೀವು ನಡೀತಾ ಇದ್ದೀರೋ, ದೋಣಿ ನಡೆಸ್ತಾ ಇದ್ದೀರೋ?”

“ಎರಡೂ ಒಂದೇ ಅಲ್ವಾ ಸರ್?” ಎಂದವನು ನಾನಲ್ಲ, ಕುದ್ರೋಳಿಯ ಇಸ್ಮಾಯಿಲ್. ಆದರೆ ಉಸ್ತಾದ್ ಇಡೀ ಸಾಲನ್ನೇ ಮೈದಾನಕ್ಕೆ ಸುತ್ತು ಬರಿಸಿದರು. ಸೈನ್ಯದಲ್ಲಿ ಒಬ್ಬನ ನಾಲಿಗೆಗೆ ಹತ್ತು ಜನರ ಕಾಲು ಬಾಡಿಗೆ ಕೊಡಬೇಕಾಗುತ್ತದೆ, ಇದು ನೀವು ಕಲಿಯಬೇಕಾದ ಮೊದಲ ಪಾಠ.

ಇಸ್ಮಾಯಿಲ್ ಭರ್ತಿಯಾದದ್ದೇ ಅಡುಗೆಯವನಾಗಿ. ಆದರೆ ಅಡುಗೆಯವನೂ ಬಂದೂಕು ಹಾರಿಸಲೇಬೇಕು. ಗುಂಡು ಹೊಡೆಯುವ ದಿನ ಅವನು ನನ್ನ ಪಕ್ಕದಲ್ಲಿ ಮಲಗಿದ್ದ. ಒಂದು ಕಣ್ಣು ಮುಚ್ಚಬೇಕು ಎಂದು ಕಲಿಸಿದ್ದರು. ಅವನು ಯಾಕೆ ಜಿಪುಣತನ ಎಂದು ಎರಡೂ ಮುಚ್ಚಿದ. ಅವನ ಗುಂಡುಗಳೆಲ್ಲ ನೇರವಾಗಿ ನನ್ನ ಗುರಿಹಲಗೆಯ ನಡುಮಧ್ಯಕ್ಕೆ ಹೋಗಿ ಕುಳಿತವು. ನಾನು ಒಳ್ಳೆಯ ಗುರಿಕಾರನೆಂದು ಹೆಸರು ಮಾಡಿದ್ದು ಹೀಗೆ. ಋಣ ತೀರಿಸಲು ಅವನು ಉಪ್ಪು ಮರೆತ ದಿನವೂ ಸಾರು ಭಾರೀ ಲಾಯ್ಕ್ ಆಗಿದೆ ಎಂದು ಹೇಳುತ್ತಾ ಬಂದಿದ್ದೇನೆ.

ಕೆಲವು ವರ್ಷಗಳ ನಂತರ ನನ್ನನ್ನು ವ್ಯಾಯಾಮದ ಉಸ್ತಾದ್ ಮಾಡಿದರು. ಹೆಸರು ವಾಮನ, ಎತ್ತರವೂ ಹೆಸರಿಗೆ ತಕ್ಕಷ್ಟೇ. ಬಾಗಿಲಷ್ಟು ಅಗಲದ ಜವಾನರನ್ನು ನಾನು ಕುತ್ತಿಗೆ ಎತ್ತಿ ಗದರಬೇಕಿತ್ತು. ನಮ್ಮ ಶಿಬಿರ ನಡೆಯುತ್ತಿದ್ದದ್ದು ಪಣಂಬೂರು ಕಡೆಯ ಒಂದು ಮೈದಾನದಲ್ಲಿ. ಶನಿವಾರ ಬಂತೆಂದರೆ ಕಂಪೆನಿಯ ಕಾಲಲ್ಲಿ ಜೀವ ಇರುತ್ತಿರಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಒಬ್ಬನಿಗೆ ಅಜ್ಜಿಗೆ ಹುಷಾರಿಲ್ಲ. ಒಂದೇ ಅಜ್ಜಿ ಮೂರು ಜವಾನರಿಗೆ ಹುಷಾರು ತಪ್ಪಿದ್ದೂ ಉಂಟು.

ಒಂದು ಶನಿವಾರ ನನಗೆ ರೇಗಿತು. ಮೈದಾನದ ಮೂಲೆಯಲ್ಲಿ ಇಂಜಿನ್ ಸತ್ತ ಒಂದು ಹಳೆಯ ಮಿಲಿಟರಿ ಲಾರಿ ಇತ್ತು. ಅದಕ್ಕೆ ಹಗ್ಗ ಕಟ್ಟಿಸಿ, “ಇವತ್ತು ಪೀಟಿ ಇಲ್ಲ, ಬಲೆ ಎಳೀಲಿಕ್ಕುಂಟು” ಎಂದೆ.

ಬೆಂಗ್ರೆಯಲ್ಲಿ ಕೈರಂಪಣಿ ಎಳೆಯುವುದನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಕಡಲಿನಲ್ಲಿ ಬಳಸಿ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರುತ್ತಾರೆ. ದಡದಲ್ಲಿ ಜನ ಸಾಲಾಗಿ ಹಗ್ಗ ಹಿಡಿದು ಎಳೆಯುತ್ತಾ ಹಿಂದೆ ಹಿಂದೆ ನಡೆಯುತ್ತಾರೆ. ಸಾಲಿನ ಕೊನೆಯವನು ಮರಳಿನ ದಿಣ್ಣೆ ಮುಟ್ಟಿದ ಕೂಡಲೇ ಹಗ್ಗ ಬಿಟ್ಟು, ಓಡಿಹೋಗಿ, ನೀರಿನ ಅಂಚಿನಲ್ಲಿ ಎಲ್ಲರಿಗಿಂತ ಮುಂದೆ ಮತ್ತೆ ಹಿಡಿಯುತ್ತಾನೆ. ಆಮೇಲೆ ಈಗ ಕೊನೆಗೆ ಉಳಿದವನ ಸರದಿ. ಹೀಗೆ ಸಾಲು ಮುಗಿಯುವುದೇ ಇಲ್ಲ, ಬಲೆ ದಡಕ್ಕೆ ಬರುತ್ತದೆ. ದಣಿದವನಿಗೆ ಓಡುವಷ್ಟು ಹೊತ್ತು ಕೈಗೆ ವಿಶ್ರಾಂತಿ. ನಮ್ಮ ಹಿರಿಯರಿಗೆ ಯಾವ ಉಸ್ತಾದರೂ ಇದನ್ನು ಕಲಿಸಿದ್ದಲ್ಲ.

ನಮ್ಮ ಮೈದಾನದಲ್ಲಿ ಲಾರಿಯೇ ಬಲೆ, ಅಡುಗೆ ಶೆಡ್ಡಿನ ಗೋಡೆಯೇ ದಿಣ್ಣೆ. ಕೊನೆಯವನ ಬೆನ್ನು ಗೋಡೆಯ ಸಮಕ್ಕೆ ಬಂದದ್ದು ಅವನಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಇಸ್ಮಾಯಿಲ್ ಶೆಡ್ಡಿನ ಬಾಗಿಲಲ್ಲಿ ನಿಂತು ಸೌಟಿನಿಂದ ಹಂಡೆಯ ಅಂಚಿಗೆ ಠಣ್ ಎಂದು ಬಡಿಯುತ್ತಿದ್ದ. ಜೊತೆಗೆ ಒಂದು ಕೂಗು. “ದುಂಬು ಬಲ!” ಮುಂದೆ ಬಾ ಎಂದು ಅರ್ಥ. ಠಣ್ ಅಂದರೆ ಹಗ್ಗ ಬಿಡು, ಮುಂದೆ ಓಡು.

ಆ ಶನಿವಾರ ಯಾರ ಹೊಟ್ಟೆಯೂ ನೋಯಲಿಲ್ಲ. ಮುಂದಿನ ಶನಿವಾರ ಗುಮಾಸ್ತ ಬಂದ, ಕ್ಷೌರಿಕ ಬಂದ, ಮತ್ತೊಂದು ವಾರಕ್ಕೆ ಮೇಜರ್ ಸಾಹೇಬರೂ ಬಂದರು. ಆ ಸಾಲಿನಲ್ಲಿ ಯಾರ ಮುಂದೆ ಯಾರು ಎಂಬ ಲೆಕ್ಕ ಇಲ್ಲ. ಈಗ ಹಿಂದೆ ಇದ್ದವನು ಆಮೇಲೆ ಎಲ್ಲರಿಗಿಂತ ಮುಂದೆ. ಹಿಂದಿನ ದಿನ ತಲೆ ಬೋಳಿಸಿದ ಕ್ಷೌರಿಕನ ಹಿಂದೆಯೇ ಮೇಜರರ ಬೋಳುತಲೆ, ಇಬ್ಬರೂ ಬೆವರು ಸುರಿಸುತ್ತಾ “ಹೈಸಾ” ಎನ್ನುವುದು. ಎಳೆದು ಮುಗಿದ ಮೇಲೆ ಎಲ್ಲರಿಗೂ ಇಸ್ಮಾಯಿಲನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ನಾನು ಪಲ್ಟನ್ನಿಗೆ ಕೊಟ್ಟದ್ದು ಇದೊಂದೇ. ನನಗೆ ಅದರ ಬಗ್ಗೆ ಜಂಬ ಇತ್ತು, ಈಗಲೂ ಇದೆ.

ಈ ಶನಿವಾರಗಳಿಂದಾಗಿ ಹಗ್ಗ ಜಗ್ಗಾಟದಲ್ಲಿ ನಮ್ಮ ತಂಡ ಗಟ್ಟಿಯಾಯಿತು. ಎದುರಾಳಿ ಯಾವಾಗಲೂ ಘಟ್ಟದ ಮೇಲಿನ ಪಲ್ಟನ್. ಅವರ ಉಸ್ತಾದ್ ಬಸಪ್ಪ, ಬಾಗಲಕೋಟೆ ಕಡೆಯವರು, ಹುರಿಮೀಸೆ. ಅವರ ಶನಿವಾರ ಬೇರೆ, ಗುಂಡುಕಲ್ಲು ಎತ್ತುವುದು. ಅವರ ತಂಡದ ಮಂತ್ರವೂ ಒಂದೇ, ಪ್ರಾಣ ಹೋದರೂ ಹಿಡಿದದ್ದನ್ನು ಬಿಡಬಾರದು. ಬಸಪ್ಪ ನನ್ನನ್ನು ಕಂಡಾಗಲೆಲ್ಲ, “ಏನ್ರೀ ವಾಮನ ಉಸ್ತಾದ್ರ, ಮೀನಾ ತಿಂದು ಎಷ್ಟಂತ ಜಗ್ಗತೀರಿ? ರೊಟ್ಟಿ ತಿನ್ರಿ!” ಎನ್ನುತ್ತಿದ್ದರು. ಸೋತ ವರ್ಷ ಬಂಗುಡೆ ಸಾರು ಬೇಡಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದದ್ದು ಇದೇ ಮನುಷ್ಯ.

ನಾನು ನಿವೃತ್ತನಾದೆ. ಇಸ್ಮಾಯಿಲನೂ ಆದ. ಕಾಲ ಬದಲಾಯಿತು. ಈಗ ಜವಾನರ ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಗಡಿಯಾರ ಇದೆ. ನಮ್ಮ ಕಾಲದಲ್ಲಿ ಬಿದ್ದವನಿಗೆ ಸುಸ್ತಾಗಿದೆ ಎಂದು ತಿಳಿಯುತ್ತಿದ್ದೆವು. ಈಗ ಗಡಿಯಾರ ಒಪ್ಪಬೇಕು. ನಾನೊಮ್ಮೆ ಕಟ್ಟಿಕೊಂಡು ನೋಡಿದೆ. ಸರೋಜ ಅಡುಗೆಮನೆಯಿಂದ ಕರೆದಾಗ ಅದು ಕೂಗಿಕೊಂಡಿತು. ನಾನು ಹೊಸ ಪದ್ಧತಿಯನ್ನು ದೂರುವವನಲ್ಲ, ಮಂಡಿ ಹಾಳಾಗದ ಹಾಗೆ ಓಡಿಸುವುದು ಇವರಿಗೆ ಗೊತ್ತಿದೆ, ನಮಗೆ ಗೊತ್ತಿರಲಿಲ್ಲ. ನನ್ನ ಮಂಡಿಗಳೇ ಅದಕ್ಕೆ ಸಾಕ್ಷಿ. ಆದರೆ ಶನಿವಾರದ ಹಗ್ಗ ಮಾತ್ರ ಹಾಗೆಯೇ ನಡೆದುಕೊಂಡು ಬಂತು. ಹೊಸ ಅಡುಗೆಯವನು ಸೌಟು ಬಡಿಯುತ್ತಿದ್ದ, ಅಷ್ಟೇ.

ಹೀಗಿರುವಾಗ ಒಂದು ದಿನ ಇಸ್ಮಾಯಿಲ್ ಸ್ಕೂಟರಿನಲ್ಲಿ ಬಂದ. ಚಪ್ಪಲಿ ಕಳಚುವ ಮೊದಲೇ ಹೇಳಿದ. “ವಾಮನಣ್ಣ, ನಮ್ಮ ಪಲ್ಟನಿಗೆ ಮದುವೆ ಅಂತೆ.”

“ಯಾರೊಟ್ಟಿಗೆ?”

“ಘಟ್ಟದವರೊಟ್ಟಿಗೆ! ಎರಡೂ ಸೇರಿಸಿ ಒಂದೇ ಪಲ್ಟನ್ ಮಾಡ್ತಾರಂತೆ. ಇನ್ನು ಶನಿವಾರ ಬಂಗುಡೆಯೋ ರೊಟ್ಟಿಯೋ, ಅಲ್ಲಾಹನೇ ಬಲ್ಲ.”

ನಾನು ನಕ್ಕೆ. ರಾತ್ರಿ ಊಟ ಮಾತ್ರ ಸೇರಲಿಲ್ಲ. ಒಂದಾಗುವ ಪಲ್ಟನ್ನಿಗೆ ಬರುವ ಕರ್ನಲ್ ಸಾಹೇಬರು ಉತ್ತರದವರು, ಕಟ್ಟುನಿಟ್ಟಿನ ಮನುಷ್ಯ ಎಂದು ಕೇಳಿದ್ದೆ. ಒಂದು ಪಲ್ಟನ್ನಿಗೆ ಎರಡು ಬಗೆಯ ಶನಿವಾರ ಇರಲಿಕ್ಕಿಲ್ಲ, ಒಂದು ಹೋಗಬೇಕು ಎಂದು ಅವರು ಆಗಲೇ ಹೇಳಿಯಾಗಿತ್ತು. ಯಾವುದು ಎಂದು ಯಾರೋ ಕೇಳಿದ್ದಕ್ಕೆ, ವಿಲೀನದ ಮೊದಲು ಎರಡು ಪಲ್ಟನ್ನುಗಳ ಕೊನೆಯ ಹಗ್ಗ ಜಗ್ಗಾಟ ಇದೆಯಲ್ಲ, ಗೆದ್ದವರ ಶನಿವಾರ ಉಳಿಯಲಿ ಎಂದು ನಗುತ್ತಾ ಹೇಳಿದರಂತೆ. ಮಕ್ಕಳೇ, ಸೈನ್ಯದಲ್ಲಿ ದೊಡ್ಡ ಸಾಹೇಬರ ನಗೆಯೂ ಹುಕುಂ.

ಪಂದ್ಯ ನಮ್ಮ ಮೈದಾನದಲ್ಲೇ, ಶನಿವಾರ. ಹಳಬರೆಂದು ನನಗೂ ಇಸ್ಮಾಯಿಲನಿಗೂ ಕುರ್ಚಿ ಹಾಕಿದ್ದರು. ನಮ್ಮ ತಂಡದಲ್ಲಿ ಹಗ್ಗದ ಕೊನೆಯವನು ಮೋಹನ, ಬೆಂಗ್ರೆಯವನೇ, ನನ್ನ ಕೈಕೆಳಗೆ ಕಲಿತವನು. ಕೊನೆಯವನೆಂದರೆ ಹಗ್ಗವನ್ನು ಬೆನ್ನಿನಿಂದ ಹೆಗಲಿಗೆ ತಂದುಕೊಂಡು ಗೂಟದ ಹಾಗೆ ನಿಲ್ಲುವವನು. ಅವನು ಬಿದ್ದರೆ ತಂಡ ಬಿತ್ತು. ಅವನು ನನ್ನ ಕಾಲು ಮುಟ್ಟಲು ಬಗ್ಗಿದಾಗ, “ಕಾಲು ಮತ್ತೆ ಮುಟ್ಟುವಿಯಂತೆ, ಮೊದಲು ಗೆಲ್ಲು” ಎಂದೆ.

ಘಟ್ಟದ ತಂಡದಲ್ಲಿ ಇನ್ನೂ ನೌಕರಿಯಲ್ಲಿದ್ದ ಬಸಪ್ಪ ತಾವೇ ಹಗ್ಗ ಹಿಡಿದಿದ್ದರು. ಮೊದಲ ಎಳೆತ ನಮ್ಮದು. ಎರಡನೆಯದು ಅವರದು. ಮೂರನೆಯದಕ್ಕೆ ಜಾಗ ಬದಲಾಯಿಸಿದಾಗ ನಮ್ಮವರು ಅಡುಗೆ ಶೆಡ್ಡಿನ ಕಡೆಗೆ ಬಂದರು. ಇಸ್ಮಾಯಿಲ್ ನನ್ನ ಕಡೆ ಬಗ್ಗಿದ. “ನನಗೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೇ, ಎದೆ ಬಾಯಿಗೆ ಬಂದಿದೆ. ಸಾರು ಎಂತಾಗಿದೆ ಅಂತ ನೋಡಿ ಬರ್ತೇನೆ” ಎಂದು ಎದ್ದು ಶೆಡ್ಡಿಗೆ ಹೋದ. ನಾನು ತಡೆಯಲಿಲ್ಲ. ತಡೆಯಬೇಕಿತ್ತು ಎಂದು ಯಾರಿಗೆ ಹೊಳೆಯುತ್ತದೆ?

ಹಗ್ಗ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಮ್ಮವರ ಹೆಜ್ಜೆ ಒಂದಾಯಿತು. ಊರಿ, ಒತ್ತಿ, ಎತ್ತುವ ಅದೇ ಮರಳಿನ ಹೆಜ್ಜೆ. ಘಟ್ಟದವರು ಗೇಣು ಗೇಣಾಗಿ ಬರತೊಡಗಿದರು. ಬಸಪ್ಪನ ಮೀಸೆ ಇಳಿಯಿತು. ಇನ್ನು ಒಂದು ಮೊಳ ಬಂದರೆ ಮುಗಿಯಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಮೋಹನನ ಬೆನ್ನು ಶೆಡ್ಡಿನ ಗೋಡೆಯ ಸಮಕ್ಕೆ ಬಂತು. ಒಳಗೆ ಇಸ್ಮಾಯಿಲ್ ಸಾರಿನ ರುಚಿ ನೋಡಿ, ಸೌಟಿಗೆ ಅಂಟಿದ ಸಾರು ಕೊಡವಲು ಹಂಡೆಯ ಅಂಚಿಗೆ ಒಂದು ಪೆಟ್ಟು ಕೊಟ್ಟ.

ಠಣ್.

ಮೋಹನ ತಲೆ ತಗ್ಗಿಸಿ ಹೆಗಲಿನ ಹಗ್ಗ ಕಳಚಿದ. ತಿರುಗಿ ನೋಡದೆ ಓಡಿದ, ತನ್ನವರ ಸಾಲು ದಾಟಿ, ಎಲ್ಲರಿಗಿಂತ ಮುಂದೆ ಹೋಗಿ, ಘಟ್ಟದ ಮೊದಲನೆಯವನ ಮೂಗಿನ ಎದುರಿಗೆ ಹಗ್ಗ ಹಿಡಿದು “ಹೈಸಾ!” ಎಂದ. ಅಷ್ಟರಲ್ಲಿ ಗೂಟ ಕಿತ್ತ ತಂಡ ಒಂದೇ ಸಲ ಮುಂದಕ್ಕೆ ಮುಗ್ಗರಿಸಿತು, ಘಟ್ಟದವರು ಒಟ್ಟಿಗೆ ಹಿಂದಕ್ಕೆ ಮಗುಚಿ ಬಿದ್ದರು. ಬಿದ್ದುಕೊಂಡೇ ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಇಸ್ಮಾಯಿಲ್ ಸೌಟು ಹಿಡಿದು ನಿಂತಿದ್ದ. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಸೌಟು ನೆಲಕ್ಕೆ ಬಿತ್ತು.

ಕರ್ನಲ್ ಸಾಹೇಬರು ಎದ್ದು ಬಂದರು. ಅವರ ಹಿಂದಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. “ಏನಿದು? ಗೆಲ್ಲುವಾಗ ಹಗ್ಗ ಬಿಟ್ಟು ಓಡಿಹೋದ ಸಿಪಾಯಿಯನ್ನು ನಾನು ನೋಡಿರಲಿಲ್ಲ.”

ಮೋಹನ ನನ್ನ ಕಡೆ ತಿರುಗಿದ. ನಾನು ಮುಂದೆ ಹೋಗಿ ಶನಿವಾರ, ಲಾರಿ, ಸೌಟು ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ಕೆಟ್ಟಿತು.

“ಅಂದರೆ ಇಷ್ಟು ವರ್ಷ ನೀವು ಹಗ್ಗ ಬಿಡುವುದನ್ನು ಕಲಿಸಿದ್ದೀರಿ! ಸೋತದ್ದು ಇರಲಿ, ಇಂಥ ಶನಿವಾರ ನನ್ನ ಪಲ್ಟನ್ನಿಗೆ ಬೇಡವೇ ಬೇಡ.”

ನನ್ನ ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ. ಮೂವತ್ತು ಜನರ ಎದುರು ಬೈಸಿಕೊಂಡದ್ದಕ್ಕಲ್ಲ, ಬೈಗುಳ ನಮಗೆ ಬೆಳಗಿನ ಚಹಾ. ಹಗ್ಗ ಹೋಯಿತಲ್ಲ ಎಂದು.

ಆಗ ಬಸಪ್ಪ ಪ್ಯಾಂಟಿನ ಮಣ್ಣು ಕೊಡವುತ್ತಾ ಮುಂದೆ ಬಂದರು. ಗೆದ್ದವರು ಅವರು, ಸುಮ್ಮನೆ ಇರಬಹುದಿತ್ತು. ಅವರ ಹಿಂದಿ ನನ್ನ ಹಿಂದಿಗಿಂತ ಕಡೆ, ಆದ್ದರಿಂದ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು. “ಸಾಹೇಬ್ರಿಗೆ ಹೇಳ್ರೀ ಉಸ್ತಾದ್ರ. ಓಡಿಹೋಗಾವ ಹಿಂದಕ್ಕ ಓಡತಾನ್ರೀ. ಈ ಮಗಾ ನಮ್ಮ ಮುಂದ ಬಂದು ನಿಂತಾನ. ನಾ ಇಂಥಾದ್ದು ಎಂದೂ ನೋಡಿಲ್ಲ. ಆ ಬಲಿ ಜಗ್ಗೂದು ಏನೈತಿ, ಒಮ್ಮಿ ನೋಡೂಣಲ್ಲ?”

ನಾನು ಅದನ್ನು ಹಿಂದಿಗೆ ಇಳಿಸಿದೆ. ಕೊನೆಯ ವಾಕ್ಯಕ್ಕೆ ಸ್ವಲ್ಪ ಬೆಲ್ಲ ಸೇರಿಸಿ, “ನಾಳೆ ಭಾನುವಾರ, ಬೆಂಗ್ರೆಗೆ ಬರಬೇಕು ಸರ್” ಎಂದೆ. ಕರ್ನಲರು ನನ್ನನ್ನೂ ಬಸಪ್ಪನನ್ನೂ ನೋಡಿದರು. “ನೋಡಲು ಬರುತ್ತೇನೆ. ಶನಿವಾರದ ಮಾತು ಮುಗಿದಿದೆ” ಎಂದರು.

ಬೆಳಿಗ್ಗೆ ಎರಡು ತಂಡಗಳೂ ಸಾದಾ ಬಟ್ಟೆಯಲ್ಲಿ ಫೆರಿ ಹತ್ತಿದವು. ನದಿ ದಾಟುವ ಆ ಚೂರು ದಾರಿಯಲ್ಲಿ ಬಸಪ್ಪ ದೋಣಿಯ ಅಂಚನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದರು. “ಬಿಡಬೇಡಿ ಸಾಬ್, ಪ್ರಾಣ ಹೋದರೂ ಬಿಡಬೇಡಿ” ಎಂದು ನಾನು ಧೈರ್ಯ ತುಂಬಿದೆ. ಇಸ್ಮಾಯಿಲ್ ಎಲ್ಲರಿಗೆ ದೊಡ್ಡ ಕೆಟಲಿನಲ್ಲಿ ಚಹಾ ತಂದಿದ್ದ. ಹಿಂದಿನ ದಿನದಿಂದ ಅವನ ಮುಖ ಇಷ್ಟೇ ಆಗಿತ್ತು. “ಇನ್ನು ಈ ಜನ್ಮದಲ್ಲಿ ಸೌಟು ಮುಟ್ಟುದಿಲ್ಲ ವಾಮನಣ್ಣ” ಎನ್ನುತ್ತಿದ್ದ. ಕೆಟಲಿನೊಟ್ಟಿಗೆ ಚಮಚ ಮಾತ್ರ ಇತ್ತು, ಸಕ್ಕರೆ ಕಲಕಲು.

ದಡದಲ್ಲಿ ಬಲೆ ಎಳೆಯುವುದು ಶುರುವಾಗಿತ್ತು. ಬಲೆ ನನ್ನ ಅತ್ತಿಗೆ ಗಿರಿಜಕ್ಕನ ಮನೆಯದ್ದು. ಬೆಂಗ್ರೆಯಲ್ಲಿ ಅವಳ ಬಾಯಿಗೆ ಕಡಲೂ ಹಿಂದೆ ಸರಿಯುತ್ತದೆ. ಘಟ್ಟದವರು ಹುರುಪಿನಿಂದ ಹಗ್ಗಕ್ಕೆ ಕೈ ಹಾಕಿದರು. ಬಸಪ್ಪ ಸಾಲಿನ ಕೊನೆಗೆ ಹೋಗಿ ಹಗ್ಗವನ್ನು ಹೆಗಲಿಗೆ ತಂದುಕೊಂಡರು. ಎಳೆತ ಜೋರಾಯಿತು. ಬಸಪ್ಪ ಹಿಂದೆ ಹಿಂದೆ ನಡೆದು ದಿಣ್ಣೆ ಹತ್ತಿದರು. ಬಿಡಲಿಲ್ಲ. ದಿಣ್ಣೆ ಇಳಿದರು. ಬಿಡಲಿಲ್ಲ. ಒಣಹಾಕಿದ ಮೀನು ತುಳಿಯುತ್ತಾ ಹೋಗಿ, ಕೊನೆಗೆ ಗಿರಿಜಕ್ಕನ ಬುಟ್ಟಿಯೊಳಗೆ ಕುಳಿತರು. ಆಗಲೂ ಹಗ್ಗ ಕೈಯಲ್ಲಿತ್ತು.

“ಬಿಡಿ ಮಾರಾಯ್ರೇ! ಬಿಟ್ಟು ಮುಂದೆ ಹೋಗಿ! ಎಂತ, ಹಗ್ಗ ನಿಮ್ಮ ಮನೆಗೆ ತಕೊಂಡು ಹೋಗ್ತೀರಾ?” ಎಂದು ಗಿರಿಜಕ್ಕ ಕಿರುಚಿದಳು.

“ಬಿಟ್ರ ಸೋಲತೀವಲ್ಲವ್ವಾ!” ಎಂದರು ಬಸಪ್ಪ ಬುಟ್ಟಿಯಿಂದ.

“ಬಿಡದಿದ್ರೆ ಬಲೆ ಬರುದಿಲ್ಲ!”

ಮೋಹನ ಓಡಿಬಂದು ಅವರನ್ನು ಎಬ್ಬಿಸಿದ. ಕೈ ಹಿಡಿದುಕೊಂಡೇ ನೀರಿನ ಅಂಚಿಗೆ ಓಡಿಸಿ, ಅಲ್ಲಿ ಹಗ್ಗ ಕೊಟ್ಟ. ಮುಂದಿನ ಸರದಿಗೆ ಬಸಪ್ಪ ತಾವೇ ಬಿಟ್ಟರು, ತಾವೇ ಓಡಿದರು. ಆಮೇಲೆ ಅವರ ತಂಡವೂ ಕಲಿಯಿತು. ಇಸ್ಮಾಯಿಲನಿಗೆ ತಡೆಯಲಾಗಲಿಲ್ಲ, ಚಮಚದಿಂದ ಕೆಟಲಿಗೆ ಠಣ್ ಎಂದು ಬಡಿಯತೊಡಗಿದ. ಠಣ್ ಎಂದಾಗಲೆಲ್ಲ ಒಬ್ಬ ಓಡುವುದು, ಅವನಿಗೆ ದಾರಿ ಬಿಟ್ಟು ಉಳಿದವರು “ಹೈಸಾ” ಎನ್ನುವುದು. ಸ್ವಲ್ಪ ಹೊತ್ತಿಗೆ ಕರಾವಳಿಯವನು ಯಾರು, ಘಟ್ಟದವನು ಯಾರು ಎಂದು ನನಗೇ ತಿಳಿಯದ ಹಾಗೆ ಸಾಲು ಕಲಸಿಹೋಗಿತ್ತು.

ಕರ್ನಲ್ ಸಾಹೇಬರು ಮಾತ್ರ ಕೈಕಟ್ಟಿ ದೂರ ನಿಂತಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನು ಕಾಯುತ್ತಿದ್ದೆ. ಬೆಂಗ್ರೆಯಲ್ಲಿ ಬಲೆಯ ಹತ್ತಿರ ಕೈಕಟ್ಟಿ ನಿಂತವರನ್ನು ಯಾರೂ ಸಹಿಸುವುದಿಲ್ಲ. ಗಿರಿಜಕ್ಕನಿಗೆ ಅವರು ಯಾರೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಬಿಡುತ್ತಿರಲಿಲ್ಲ. “ನೀವು ಎಂತ ಸಿನೆಮಾ ನೋಡ್ತೀರಾ? ಪತ್ತ್‌ಲೆ!” ಎಂದಳು. ಹಿಡಿಯಿರಿ ಎಂದು ಅರ್ಥ. ಅವರಿಗೆ ತುಳು ಬಾರದು, ಆದರೆ ಆ ಬೆರಳು ತೋರಿಸಿದ ರೀತಿ ಯಾವ ಭಾಷೆಯವರಿಗೂ ತಿಳಿಯುತ್ತದೆ. ಸಾಹೇಬರು ಶೂ ಕಳಚಿ, ಹಗ್ಗ ಹಿಡಿದರು.

ಸರದಿ ಜರುಗುತ್ತಾ ಜರುಗುತ್ತಾ ಅವರು ಸಾಲಿನ ಕೊನೆಗೆ ಬಂದರು. ದಿಣ್ಣೆಯೂ ಬಂತು. ಈಗ ಬಿಡಿ ಎಂದು ಹೇಳುವವರು ಯಾರು? ಮೋಹನ ಆಕಾಶ ನೋಡಿದ. ಬಸಪ್ಪ ಮೀಸೆ ಮುಟ್ಟಿಕೊಂಡರು. ನಾನು ಕಾಲಿನ ಮರಳು ಕೊಡವಿಕೊಂಡೆ. ಇಡೀ ದಡ ಇಸ್ಮಾಯಿಲನನ್ನು ನೋಡಿತು. ಅವನು ಚಮಚ ಎತ್ತಿದ, ಬಿಸ್ಮಿಲ್ಲಾ ಎಂದು ಹೊಡೆದೇಬಿಟ್ಟ.

ಠಣ್. “ದುಂಬು ಬಲ!”

ಕರ್ನಲ್ ಸಾಹೇಬರು ಹಗ್ಗ ಬಿಟ್ಟರು. ಪ್ಯಾಂಟು ಮಡಚಲೂ ನಿಲ್ಲದೆ ಇಡೀ ಸಾಲು ದಾಟಿ ಓಡಿ, ಮೊಣಕಾಲಿನ ನೀರಿನಲ್ಲಿ ಎಲ್ಲರಿಗಿಂತ ಮುಂದೆ ಹಗ್ಗ ಹಿಡಿದು ನಿಂತರು. ಅವರ ಹಿಂದೆ ಮೋಹನ, ಅವನ ಹಿಂದೆ ಬಸಪ್ಪ. ಬಲೆ ಬಂತು.

ಹಗ್ಗ ಮುಟ್ಟಿದವರಿಗೆಲ್ಲ ಪಾಲು ಇದೆ. ಗಿರಿಜಕ್ಕ ಮರಳಿನ ಮೇಲೆ ಬಂಗುಡೆಯ ರಾಶಿಗಳನ್ನು ಮಾಡಿದಳು, ಎಲ್ಲರದ್ದೂ ಸಮಸಮ. ಸಾಹೇಬರು ತಮ್ಮ ಟೋಪಿಯನ್ನು ಒಡ್ಡಿದರು. ಅವಳು ಅದರಲ್ಲಿ ಮೀನು ಸುರಿದು, ಅವರ ಮುಖ ನೋಡಿ, ಎರಡನ್ನು ವಾಪಸ್ ತೆಗೆದಳು.

“ಇವರು ತಡವಾಗಿ ಹಿಡಿದದ್ದು” ಎಂದಳು ನನಗೆ.

ನಾನು ಜೀವ ಕೈಯಲ್ಲಿ ಹಿಡಿದು ಅದನ್ನೂ ಹಿಂದಿಗೆ ಇಳಿಸಿದೆ, ಈ ಸಲ ಬೆಲ್ಲ ಸೇರಿಸದೆ. ಕರ್ನಲ್ ಸಾಹೇಬರು ಒದ್ದೆ ಟೋಪಿಯೊಳಗಿನ ಮೀನನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಕೇಳಿದರು.

“ಉಸ್ತಾದ್, ಶನಿವಾರ ಎಷ್ಟು ಹೊತ್ತಿಗೆ ಶುರು? ತಡ ಆಗಬಾರದು.”